ಸೆಫ್‌ಗೆ ಹಾಕಿದ ಮೇಲೆ ಪೋಸ್ಟ್‌ಗ್ರೆಸ್ ವಿಪರೀತ ನಿಧಾನ: ಸೆಫ್‌ಎಫ್‌ಎಸ್ ಬಿಟ್ಟು ಆರ್‌ಬಿಡಿಗೆ ಹೋದರೆ ಸರಿಯಾಗುತ್ತಾ?

ಮಂಡಿ_ಸರ್ವರ್ (ಶಿವಮೊಗ್ಗ)

ತಲೆ ಕೆಟ್ಟು ಹೋಗಿದೆ. ಯಾರಾದರೂ ದಾರಿ ತೋರಿಸಿ.

ಅಡಿಕೆ ಮಂಡಿಯ ಲೆಕ್ಕದ ಸಾಫ್ಟ್‌ವೇರ್, ಅದರ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಇಷ್ಟು ವರ್ಷ ಒಂದೇ ಹಳೇ ಸರ್ವರ್ ಮೇಲೆ ಓಡುತ್ತಿತ್ತು, ತಕರಾರೇ ಇರಲಿಲ್ಲ. ಅದು ಕೈಕೊಟ್ಟರೆ ಇಡೀ ಮಂಡಿ ನಿಲ್ಲುತ್ತದೆ ಅಂತ ಹೆದರಿ ಮೂರು ಹೊಸ ನೋಡ್ (ಸರ್ವರ್ ಯಂತ್ರ) ತಂದು, ವಿಎಂ (ವರ್ಚುವಲ್ ಯಂತ್ರ) ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿ, ಡೇಟಾದ ಪ್ರತಿಗಳನ್ನು ಮೂರರಲ್ಲೂ ಇಡುವ ಸೆಫ್ ಸ್ಟೋರೇಜ್ ಕಟ್ಟಿದೆವು. ಈಗ ಹೊಸದು ಹಳೇದಕ್ಕಿಂತ ನಿಧಾನ! ಚೀಲ ತಕ್ಕಡಿ ಮೇಲಿದೆ, ಹುಡುಗ ಎಂಟರ್ ಒತ್ತಿದ್ದಾನೆ, ಪರದೆ ಮೇಲೆ ಚಕ್ರ ಸುತ್ತುತ್ತಲೇ ಇದೆ. ಹಿಂದೆ ಹಮಾಲಿ ಇನ್ನೊಂದು ಚೀಲ ಬೆನ್ನಿಗೆ ಹೊತ್ತು ನಿಂತಿದ್ದಾನೆ. ಅವನ ಬಾಯಲ್ಲಿ ಬರುವ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೆಳಿಗ್ಗೆ ಹೇಗೋ ತಳ್ಳಬಹುದು, ಮಧ್ಯೆ ಮಧ್ಯೆ ಕೆಲವು ಸೆಕೆಂಡ್ ಪೂರ್ತಿ ಹೆಪ್ಪುಗಟ್ಟಿಬಿಡುತ್ತದೆ.

ಎಲ್ಲ ಎಸ್‌ಎಸ್‌ಡಿ. ನೆಟ್‌ವರ್ಕ್ ಚೆನ್ನಾಗಿದೆ. ಸಿಪಿಯು ಖಾಲಿ ಕೂತಿದೆ. ಸೆಫ್ ಹೆಲ್ತ್ ಓಕೆ ಅಂತಲೇ ಹೇಳುತ್ತದೆ. ಡೇಟಾಬೇಸ್‌ಗೆ ಸೆಫ್‌ಎಫ್‌ಎಸ್ (ಹಲವು ಯಂತ್ರ ಹಂಚಿಕೊಳ್ಳುವ ಫೈಲ್ ಸಿಸ್ಟಮ್) ಒಳ್ಳೆಯದಾ ಆರ್‌ಬಿಡಿ (ಒಂದು ವಿಎಂಗೆ ಕೊಡುವ ಡಿಸ್ಕ್) ಒಳ್ಳೆಯದಾ? ಹುಡುಕಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊಯ್ಲು ಶುರುವಾಗಿದೆ, ಬೇಗ ಹೇಳಿ.

ಎಂಟಿಯು_ಭಟ್ರು (ಸಾಗರ)

ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ) ನೋಡಿ. ಹತ್ತರಲ್ಲಿ ಒಂಬತ್ತು ಸಲ ಅದೇ ಆಗಿರುತ್ತದೆ. ನೋಡ್‌ಗಳಲ್ಲಿ 9000 ಇಟ್ಟು ಸ್ವಿಚ್ಚಿನಲ್ಲಿ 1500 ಬಿಟ್ಟಿರುತ್ತಾರೆ. ಚಿಕ್ಕ ಪ್ಯಾಕೆಟ್ ದಾಟುತ್ತದೆ, ದೊಡ್ಡದು ಬಿದ್ದುಹೋಗುತ್ತದೆ. ಸುಮ್ನೆ ಪಿಂಗ್ ಮಾಡಿದರೆ ಗೊತ್ತಾಗುವುದಿಲ್ಲ. ತುಂಡು ಮಾಡಬಾರದು ಅನ್ನುವ ಆಯ್ಕೆ ಹಾಕಿ 8972 ಬೈಟ್ ಕಳಿಸಿ ನೋಡಿ. ಹೆಡರಿನ 28 ಸೇರಿ 9000 ಆಗುತ್ತದೆ.

ತುಂಗೆ_ದಂಡೆ (ತೀರ್ಥಹಳ್ಳಿ)

ಸರ್, ಮೊದಲು ಇಷ್ಟು ಹೇಳಿ. ಈಗ ಡೇಟಾ ಡೈರೆಕ್ಟರಿ ಯಾವುದರ ಮೇಲಿದೆ, ಸೆಫ್‌ಎಫ್‌ಎಸ್‌ ಮೇಲಾ ಆರ್‌ಬಿಡಿ ಮೇಲಾ? ಎಸ್‌ಎಸ್‌ಡಿ ಮಾಡೆಲ್ ಯಾವುದು? ಹಳೇ ಸರ್ವರ್‌ನಲ್ಲಿ ರೇಡ್ ಕಾರ್ಡ್ (ಹಲವು ಡಿಸ್ಕ್ ಜೋಡಿಸುವ ಕಾರ್ಡ್) ಇತ್ತಾ, ಅದರಲ್ಲಿ ಬ್ಯಾಟರಿ ಇತ್ತಾ? ಒಂದು ಚೀಲದ ತೂಕ ಬರೆಯಲು ಸಾಫ್ಟ್‌ವೇರ್ ಎಷ್ಟು ಸಲ ಕಮಿಟ್ ಮಾಡುತ್ತದೆ, ಅಂದರೆ ಬರೆದದ್ದನ್ನು ಖಾಯಂ ಮಾಡುತ್ತದೆ?

ಗೊರಬಲು (ಭದ್ರಾವತಿ)

ಎಫ್‌ಸಿಂಕ್ (ಬರೆದದ್ದು ಡಿಸ್ಕಿಗೆ ಇಳಿಯುವ ತನಕ ಕಾಯುವುದು) ಆಫ್ ಮಾಡಿ ಗುರು. ರಾಕೆಟ್ ಆಗುತ್ತದೆ. ಯುಪಿಎಸ್ ಇದೆ ಅಲ್ವಾ?

ಹಳೇ_ಡಬ್ಬ (ಹೊಸನಗರ)

ಗೊರಬಲು ಅವರೇ, ಇಂಥ ಸಲಹೆ ಕೊಡುವ ಮೊದಲು ಯಾವ ಸೀಮೆಯಲ್ಲಿದ್ದೀರಿ ಅಂತ ನೆನಪು ಮಾಡಿಕೊಳ್ಳಿ. ಲಿಂಗನಮಕ್ಕಿ ನಮ್ಮ ಪಕ್ಕದಲ್ಲೇ ಇದೆ, ಆದರೂ ಮಳೆಗಾಲದಲ್ಲಿ ನಮಗೆ ಕರೆಂಟ್ ಇರುವ ಗಂಟೆ ಲೆಕ್ಕ ಹಾಕುವುದೇ ಸುಲಭ. ಎಫ್‌ಸಿಂಕ್ ಆಫ್ ಇದ್ದಾಗ ಕರೆಂಟ್ ಹೋದರೆ ಕೊನೆಯ ಬಿಲ್ಲು ಹೋಗುವುದು ಮಾತ್ರ ಅಲ್ಲ, ಡೇಟಾಬೇಸೇ ಕೆಡಬಹುದು.

ಮಂಡಿ ಸರ್, ನನ್ನ ಮಾತು ಕೇಳಿದರೆ ಡೇಟಾಬೇಸ್‌ಗೆ ಸೆಫ್ಫೇ ಬೇಡ. ಲೋಕಲ್ ಡಿಸ್ಕ್ ಮೇಲೆ ಪೋಸ್ಟ್‌ಗ್ರೆಸ್, ಪಕ್ಕದ ನೋಡ್‌ಗೆ ಸ್ಟ್ರೀಮಿಂಗ್ ರೆಪ್ಲಿಕೇಶನ್. ಡೇಟಾಬೇಸ್‌ಗೆ ತನ್ನ ಪ್ರತಿ ತಾನೇ ಮಾಡಿಕೊಳ್ಳಲು ಬರುತ್ತದೆ. ಕೆಳಗೆ ಇನ್ನೊಬ್ಬರು ಮೂರು ಪ್ರತಿ ಮಾಡುವುದು ಎಂತಕ್ಕೆ?

ಗೊರಬಲು (ಭದ್ರಾವತಿ)

ನಾನು ಯುಪಿಎಸ್ ಇದ್ದರೆ ಅಂದೆ. ಪೂರ್ತಿ ಓದಿ.

ಹಳೇ_ಡಬ್ಬ (ಹೊಸನಗರ)

ಯುಪಿಎಸ್ ಬ್ಯಾಟರಿ ಕೊನೆಗೆ ಯಾವಾಗ ಬದಲಿಸಿದ್ದೀರಿ? ಉತ್ತರ ಬೇಡ, ಸುಮ್ನೆ ಕೇಳಿದೆ.

ಮಂಡಿ_ಸರ್ವರ್ (ಶಿವಮೊಗ್ಗ)

ಭಟ್ರೇ, ಪಿಂಗ್ 8972 ಮೂರೂ ನೋಡ್ ನಡುವೆ ಹೋಗುತ್ತಿದೆ. ಒಂದೂ ಬೀಳಲಿಲ್ಲ.

ತುಂಗೆ ಸರ್, ಈಗ ಇರುವುದು ಸೆಫ್‌ಎಫ್‌ಎಸ್ ಮೇಲೆ. ಎರಡು ವಿಎಂಗೂ ಒಂದೇ ಡೈರೆಕ್ಟರಿ ಕಾಣಿಸಲಿ, ಒಂದು ಬಿದ್ದರೆ ಇನ್ನೊಂದರಲ್ಲಿ ಪೋಸ್ಟ್‌ಗ್ರೆಸ್ ಎಬ್ಬಿಸಬಹುದು ಅಂತ ಹಾಗೆ ಮಾಡಿದ್ದು. ಪರೀಕ್ಷೆಗೆ ಆರ್‌ಬಿಡಿ ಮೇಲೂ ಇಟ್ಟು ನೋಡಿದೆ. ಅಲ್ಲಿ ವಾಸಿ, ಹೆಪ್ಪುಗಟ್ಟುವುದಿಲ್ಲ. ಆದರೆ ಹಳೇ ಸರ್ವರ್ ಹತ್ತಿರಕ್ಕೂ ಬರುವುದಿಲ್ಲ. ಹಳೇದರಲ್ಲಿ ರೇಡ್ ಕಾರ್ಡ್ ಇತ್ತು, ಬ್ಯಾಟರಿಯೂ ಇತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ? ಅದರಲ್ಲಿ ಇದ್ದದ್ದು ತಿರುಗುವ ಡಿಸ್ಕು, ಇದು ಎಸ್‌ಎಸ್‌ಡಿ. ಎಸ್‌ಎಸ್‌ಡಿ ಒಳ್ಳೇ ಕಂಪನಿಯದೇ.

ಎಂಟಿಯು_ಭಟ್ರು (ಸಾಗರ)

ಪಿಂಗ್ ಖಾಲಿ ಇದ್ದಾಗ ಹೋಗುತ್ತದೆ. ಲೋಡ್ ಇದ್ದಾಗ ಮಾಡಿದಿರಾ? ಬಾಂಡ್ (ಎರಡು ಕೇಬಲ್ ಒಂದಾಗಿ ಬಳಸುವುದು) ಇದ್ದರೆ ಎರಡೂ ಕೇಬಲ್ ಬೇರೆ ಬೇರೆ ನೋಡಬೇಕು. ಒಂದು ಕಾಲಿನಲ್ಲಿ 1500 ಉಳಿದಿರಬಹುದು.

ತುಂಗೆ_ದಂಡೆ (ತೀರ್ಥಹಳ್ಳಿ)

ಭಟ್ರೇ, ಎಂಟಿಯು ತಪ್ಪಿದ್ದರೆ ಕ್ಲಸ್ಟರ್ ಹೆಲ್ತ್ ಓಕೆ ಅಂತ ಕೂರುವುದಿಲ್ಲ. ಸೆಫ್ ಓಎಸ್‌ಡಿಗಳು (ಒಂದೊಂದು ಡಿಸ್ಕ್ ನೋಡಿಕೊಳ್ಳುವ ಪ್ರೋಗ್ರಾಂಗಳು) ಹಾರ್ಟ್‌ಬೀಟ್ ಪ್ಯಾಕೆಟ್ಟನ್ನು ಬೇಕಂತಲೇ 2000 ಬೈಟಿಗೆ ಉಬ್ಬಿಸಿ ಕಳಿಸುವುದು ಇದನ್ನು ಹಿಡಿಯಲಿಕ್ಕೇ. ದೊಡ್ಡ ಪ್ಯಾಕೆಟ್ ಬೀಳುತ್ತಿದ್ದರೆ ಓಎಸ್‌ಡಿಗಳು ಒಂದನ್ನೊಂದು ಡೌನ್ ಅಂತ ಸಾರುತ್ತಿದ್ದವು.

ಮಂಡಿ ಸರ್, ಸಂಬಂಧ ಇರುವುದೇ ಆ ಬ್ಯಾಟರಿಗೆ. ಪೋಸ್ಟ್‌ಗ್ರೆಸ್ ಪ್ರತಿ ಕಮಿಟ್‌ಗೂ ವಾಲ್ (ಬದಲಾವಣೆಗಳ ದಾಖಲೆ) ಬರೆದು, ಡಿಸ್ಕಿಗೆ ನಿಜವಾಗಿ ಇಳಿಯಿತು ಅನ್ನುವ ಉತ್ತರ ಬರುವ ತನಕ ಕಾಯುತ್ತದೆ. ನಿಮ್ಮ ಹಳೇ ಕಾರ್ಡ್ ತನ್ನ ಕ್ಯಾಶ್‌ಗೆ ಬಂದ ಕೂಡಲೇ ಆಯಿತು ಅನ್ನುತ್ತಿತ್ತು. ಬ್ಯಾಟರಿ ಇರುವುದರಿಂದ ಅದು ಸುಳ್ಳೂ ಅಲ್ಲ. ಕೆಳಗೆ ತಿರುಗುವ ಡಿಸ್ಕ್ ಇದ್ದರೂ ಕಮಿಟ್ ಮಿಂಚಿನಂತೆ ಮುಗಿಯುತ್ತಿತ್ತು.

ಸೆಫ್‌ನಲ್ಲಿ ಆ ಬರಹ ಮೊದಲು ಪ್ರೈಮರಿ ಓಎಸ್‌ಡಿಗೆ ಹೋಗುತ್ತದೆ. ಅದು ಉಳಿದ ಇಬ್ಬರಿಗೆ ಕಳಿಸುತ್ತದೆ. ಮೂವರೂ ತಮ್ಮ ತಮ್ಮ ಡಿಸ್ಕಿಗೆ ಇಳಿಸಿದ ಮೇಲೆಯೇ ನಿಮಗೆ ಉತ್ತರ. ಸೊಸೈಟಿ ಚೆಕ್‌ಗೆ ಮೂವರ ಸಹಿ ಬೇಕು ಅಂದ ಹಾಗೆ, ಒಬ್ಬರು ಊರಲ್ಲಿಲ್ಲ ಅಂದರೆ ಎಲ್ಲರೂ ಕಾಯಬೇಕು. ಮೂರರಲ್ಲಿ ಯಾವ ಡಿಸ್ಕ್ ಎಲ್ಲಕ್ಕಿಂತ ನಿಧಾನವೋ ಅದೇ ನಿಮ್ಮ ವೇಗ. ಇದು ಸೆಫ್‌ಎಫ್‌ಎಸ್‌ಗೂ ಆರ್‌ಬಿಡಿಗೂ ಒಂದೇ, ಯಾಕೆಂದರೆ ಎರಡರ ಕೆಳಗಿರುವುದೂ ಅದೇ ರಾಡೋಸ್, ಸೆಫ್‌ನ ಮೂಲ ಸಂಗ್ರಹ ಪದರ.

ಪೋಸ್ಟ್‌ಗ್ರೆಸ್ ಜೊತೆಗೇ ಪಿಜಿ_ಟೆಸ್ಟ್_ಎಫ್‌ಸಿಂಕ್ ಅಂತ ಒಂದು ಟೂಲ್ ಬರುತ್ತದೆ, ಒಂದು ಸಿಂಕ್‌ಗೆ ಎಷ್ಟು ಹೊತ್ತು ಅಂತ ಅಳೆಯುತ್ತದೆ. ಸೆಫ್‌ಎಫ್‌ಎಸ್ ಮೇಲೆ ಒಂದು ಸಲ, ಆರ್‌ಬಿಡಿ ಮೇಲೆ ಒಂದು ಸಲ ಓಡಿಸಿ. ಪರೀಕ್ಷೆಯ ಫೈಲ್ ಎಲ್ಲಿ ಆಗಬೇಕು ಅಂತ ಕೊಡಲು ಮರೆಯಬೇಡಿ, ಇಲ್ಲದಿದ್ದರೆ ನೀವು ನಿಂತ ಡೈರೆಕ್ಟರಿಯನ್ನೇ ಅಳೆಯುತ್ತದೆ. ಎಫ್‌ಡೇಟಾಸಿಂಕ್ ಸಾಲು ಇಲ್ಲಿ ಹಾಕಿ. ಎಸ್‌ಎಸ್‌ಡಿ ಮಾಡೆಲ್ ಇನ್ನೂ ಹೇಳಿಲ್ಲ.

ಮಂಡಿ_ಸರ್ವರ್ (ಶಿವಮೊಗ್ಗ)

ಆರ್‌ಬಿಡಿ: ಒಂದು ಸಿಂಕ್‌ಗೆ ಸುಮಾರು 8 ಮಿಲಿಸೆಕೆಂಡ್. ಸೆಫ್‌ಎಫ್‌ಎಸ್: ಒಂದು ಸಲ 9, ಒಂದು ಸಲ 10. ಅಷ್ಟೇ ವ್ಯತ್ಯಾಸ. ಹಾಗಿದ್ದರೆ ಮಂಡಿಯಲ್ಲಿ ಸೆಕೆಂಡ್‌ಗಟ್ಟಲೆ ಯಾಕೆ ನಿಲ್ಲುತ್ತದೆ?

ಸಾಫ್ಟ್‌ವೇರ್ ಮಾಡಿಕೊಟ್ಟವರನ್ನು ಕೇಳಿದೆ. ಚೀಲದ ತೂಕ, ಲಾಟಿನ ಮೊತ್ತ, ರೈತರ ಖಾತೆ, ಹಮಾಲಿ ಲೆಕ್ಕ, ಲಾಗ್ ಎಲ್ಲ ಬೇರೆ ಬೇರೆ ಸಾಲು, ಆಟೊಕಮಿಟ್ (ಪ್ರತಿ ಸಾಲಿಗೂ ಬೇರೆ ಕಮಿಟ್) ಅಂತೆ. ಒಂದು ಚೀಲಕ್ಕೆ ಹತ್ತಿಪ್ಪತ್ತು ಕಮಿಟ್ ಆಗುತ್ತಿದೆ.

ತುಂಗೆ_ದಂಡೆ (ತೀರ್ಥಹಳ್ಳಿ)

8 ಮಿಲಿಸೆಕೆಂಡ್ ಅಂದರೆ ಒಂದು ಕನೆಕ್ಷನ್ ಸೆಕೆಂಡಿಗೆ 125 ಕಮಿಟ್ ದಾಟುವುದಿಲ್ಲ. ಸಿಪಿಯು ಎಷ್ಟೇ ದೊಡ್ಡದಿರಲಿ. 20 ಕಮಿಟ್ ಅಂದರೆ 160 ಮಿಲಿಸೆಕೆಂಡ್ ಬರೀ ಕಾಯುವುದಕ್ಕೇ ಹೋಯಿತು. ಜಾಸ್ತಿ ಕನೆಕ್ಷನ್ ಇದ್ದರೆ ಪೋಸ್ಟ್‌ಗ್ರೆಸ್ ಒಂದೇ ಫ್ಲಶ್‌ನಲ್ಲಿ ಹಲವರ ಕಮಿಟ್ ಸಾಗಿಸುತ್ತದೆ, ಒಟ್ಟು ಸಂಖ್ಯೆ ಚೆನ್ನಾಗಿ ಕಾಣುತ್ತದೆ. ವೇಗ ಅಳೆಯುವ ಪಿಜಿಬೆಂಚ್‌ನಲ್ಲಿ 16 ಕ್ಲೈಂಟ್ ಇಟ್ಟು ಸೆಫ್ ಸೂಪರ್ ಅನ್ನುವವರು ಇದನ್ನು ಹೇಳುವುದಿಲ್ಲ. ತಕ್ಕಡಿ ಮುಂದೆ ಕೂತ ಹುಡುಗನಿಗೆ ಬೇಕಾದದ್ದು ಒಂದು ಕಮಿಟ್ ಎಷ್ಟು ಹೊತ್ತು ಅನ್ನುವುದು ಮಾತ್ರ. ಆ ಇಪ್ಪತ್ತನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ ಸೇರಿಸಲು ಹೇಳಿ. ಲೆಕ್ಕದ ದೃಷ್ಟಿಯಿಂದಲೂ ಅದೇ ಸರಿ, ತೂಕ ಬಿದ್ದು ಖಾತೆಗೆ ಏರದೆ ಉಳಿಯಬಾರದು ಅಲ್ವಾ.

ಇದು ಒಂದು ಕಾಯಿಲೆ. ಹೆಪ್ಪುಗಟ್ಟುವುದು ಬೇರೆ ಕಾಯಿಲೆ. ಆರ್‌ಬಿಡಿಯಲ್ಲಿ ಅದು ಬರಲಿಲ್ಲ ಅಂದಿರಿ, ಹಾಗಾಗಿ ಅನುಮಾನ ಸೆಫ್‌ಎಫ್‌ಎಸ್ ಮೇಲೆಯೇ. ಆ ಡೈರೆಕ್ಟರಿಯನ್ನು ಇನ್ನು ಯಾರು ಮುಟ್ಟುತ್ತಿದ್ದಾರೆ? ಎಂಡಿಎಸ್‌ಗೆ (ಸೆಫ್‌ಎಫ್‌ಎಸ್‌ನ ಫೈಲ್ ಹೆಸರು, ಅನುಮತಿ ನೋಡಿಕೊಳ್ಳುವ ಸರ್ವರ್) ಕ್ಲೈಂಟ್ ಎಲ್‌ಎಸ್ ಕೊಟ್ಟು ಪಟ್ಟಿ ನೋಡಿ.

ಎಂಟಿಯು_ಭಟ್ರು (ಸಾಗರ)

ಹೆಪ್ಪುಗಟ್ಟುವುದು ಅಂದರೆ ರೀಟ್ರಾನ್ಸ್‌ಮಿಟ್. ಬರೆದುಕೊಡುತ್ತೇನೆ. ಸ್ವಿಚ್ಚಿನ ಪೋರ್ಟ್ ಕೌಂಟರ್ ಹಾಕಿ.

ಗೊರಬಲು (ಭದ್ರಾವತಿ)

ಸರಿ, ಎಫ್‌ಸಿಂಕ್ ಬೇಡ. ಸಿಂಕ್ರೊನಸ್_ಕಮಿಟ್ ಆಫ್ ಮಾಡಬಹುದಲ್ಲ, ಅಂದರೆ ವಾಲ್ ಡಿಸ್ಕಿಗೆ ಇಳಿಯುವ ಮೊದಲೇ ಆಯಿತು ಅನ್ನುವುದು? ಅದರಲ್ಲಿ ಡೇಟಾಬೇಸ್ ಕೆಡುವುದಿಲ್ಲ. ಇದಕ್ಕೂ ಬೈಯ್ಯುತ್ತೀರಾ?

ಹಳೇ_ಡಬ್ಬ (ಹೊಸನಗರ)

ಇದಕ್ಕೆ ಬೈಯ್ಯುವುದಿಲ್ಲ. ಆದರೆ ಏನು ಹೋಗುತ್ತದೆ ಅನ್ನುವುದನ್ನೂ ಹೇಳಿ. ವಾಲ್ ರೈಟರ್ ಡಿಲೇ ಮಾಮೂಲಿಯಾಗಿ 200 ಮಿಲಿಸೆಕೆಂಡ್. ಕರೆಂಟ್ ಹೋದರೆ ಹೆಚ್ಚೆಂದರೆ ಅದರ ಮೂರು ಪಟ್ಟು, ಅಂದರೆ 0.6 ಸೆಕೆಂಡಿನ ಕಮಿಟ್‌ಗಳು ಮಾಯ. ಡೇಟಾಬೇಸ್ ಸುಸ್ಥಿತಿಯಲ್ಲೇ ಇರುತ್ತದೆ. ಆದರೆ ರೈತನ ಕೈಯಲ್ಲಿ ಚೀಟಿ ಇದೆ, ಕಂಪ್ಯೂಟರಿನಲ್ಲಿ ಚೀಲ ಇಲ್ಲ! ರಾಶಿ ಅಡಿಕೆ ಚೀಲ ಒಂದು ತಪ್ಪಿದರೆ ಮಂಡಿಯಲ್ಲಿ ಏನಾಗುತ್ತದೆ ಅಂತ ಮಂಡಿ ಸರ್ ಹೇಳಲಿ. ದರದ ಬೋರ್ಡ್, ಲಾಗ್ ಇಂಥವಕ್ಕೆ ಆ ಟ್ರಾನ್ಸಾಕ್ಷನ್ ಮಟ್ಟಿಗೆ ಮಾತ್ರ ಆಫ್ ಮಾಡಲಿಕ್ಕೆ ಬರುತ್ತದೆ. ತೂಕಕ್ಕೆ ಬೇಡ.

ಮಂಡಿ_ಸರ್ವರ್ (ಶಿವಮೊಗ್ಗ)

ತೂಕಕ್ಕೆ ಬೇಡವೇ ಬೇಡ. ಒಂದು ಚೀಲದ ಜಗಳ ಇಡೀ ದಿನ ನಡೆಯುತ್ತದೆ.

ಭಟ್ರೇ, ಪೋರ್ಟ್ ಕೌಂಟರ್‌ನಲ್ಲಿ ಎರರ್ ಸೊನ್ನೆ.

ತುಂಗೆ ಸರ್, ಪಟ್ಟಿಯಲ್ಲಿ ಮೂರು ಕ್ಲೈಂಟ್ ಇದೆ. ಎರಡು ನಮ್ಮ ವಿಎಂ. ಮೂರನೆಯದು ಆಫೀಸಿನ ಬ್ಯಾಕಪ್ ಯಂತ್ರ. ಅದರಲ್ಲಿ ಐದು ನಿಮಿಷಕ್ಕೊಮ್ಮೆ ಡೇಟಾ ಡೈರೆಕ್ಟರಿಯನ್ನು ಆರ್‌ಸಿಂಕ್ (ಫೈಲ್ ನಕಲು) ಮಾಡುವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ಇದೆ. ನಾನು ಹಾಕಿದ್ದಲ್ಲ, ಮೊದಲಿದ್ದ ಹುಡುಗ ಹಳೇ ಸರ್ವರ್ ಕಾಲದಲ್ಲಿ ಹಾಕಿದ್ದು. ಅದು ಬರೀ ಓದುತ್ತದೆ, ಬರೆಯುವುದಿಲ್ಲ. ಅದರಿಂದ ಏನಾಗುತ್ತದೆ?

ತುಂಗೆ_ದಂಡೆ (ತೀರ್ಥಹಳ್ಳಿ)

ಸಿಕ್ಕಿತು ನೋಡಿ.

ಸೆಫ್‌ಎಫ್‌ಎಸ್‌ನಲ್ಲಿ ಒಂದು ಫೈಲನ್ನು ಒಬ್ಬನೇ ಕ್ಲೈಂಟ್ ತೆರೆದಿದ್ದರೆ ಎಂಡಿಎಸ್ ಅವನಿಗೆ ಪೂರ್ತಿ ಸಲಿಗೆ ಕೊಡುತ್ತದೆ: ಓದಿದ್ದನ್ನು ಕ್ಯಾಶ್ ಮಾಡಿಕೋ, ಬರೆದದ್ದನ್ನು ಬಫರ್ ಮಾಡಿಕೋ ಅಂತ. ಇದಕ್ಕೆ ಕ್ಯಾಪ್ ಅನ್ನುತ್ತಾರೆ. ಒಬ್ಬ ಬರೆಯಲು ತೆರೆದಿದ್ದಾಗಲೇ ಇನ್ನೊಬ್ಬ ಓದಲು ತೆರೆದ ಅಂದುಕೊಳ್ಳಿ. ಆಗ ಇಬ್ಬರಿಗೂ ಒಂದೇ ಡೇಟಾ ಕಾಣಬೇಕಲ್ಲ? ಎಂಡಿಎಸ್ ಆ ಸಲಿಗೆ ವಾಪಸ್ ಕಿತ್ತುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಇದ್ದ ಬಫರನ್ನೆಲ್ಲ ಇಳಿಸಬೇಕು. ಆ ಫೈಲಿನ ಒಂದೊಂದು ಓದು, ಒಂದೊಂದು ಬರಹವೂ ನೇರ ಓಎಸ್‌ಡಿ ತನಕ ಹೋಗಿ ಬರಬೇಕು. ಆರ್‌ಸಿಂಕ್ ಒಂದೊಂದೇ ಫೈಲ್ ತೆರೆಯುತ್ತಾ ಹೋದ ಹಾಗೆ ಒಂದೊಂದೇ ಟೇಬಲ್ ಈ ಗತಿಗೆ ಬೀಳುತ್ತದೆ. ಪೋಸ್ಟ್‌ಗ್ರೆಸ್ ಒಂದು ಟೇಬಲನ್ನು 1 ಜಿಬಿ ತುಂಡುಗಳಾಗಿ ಇಡುತ್ತದೆ. ದೊಡ್ಡ ತುಂಡನ್ನು ಓದುವಷ್ಟು ಹೊತ್ತೂ ನಿಮ್ಮ ಹಮಾಲಿ ಕಾಯಬೇಕು.

ಆರ್‌ಬಿಡಿಯಲ್ಲಿ ಈ ಗೋಜೇ ಇಲ್ಲ. ಡಿಸ್ಕ್ ಒಬ್ಬ ವಿಎಂದು. ಮೇಲೆ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್. ಫೈಲ್ ಹೆಸರು, ಅಳತೆ, ಲಾಕ್ ಎಲ್ಲ ಆ ವಿಎಂ ಒಳಗೇ ತೀರ್ಮಾನ ಆಗುತ್ತದೆ. ಎಂಡಿಎಸ್ ಅನ್ನು ಕೇಳುವ ಮಾತೇ ಇಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಒಂದೇ ಯಂತ್ರ ಬಳಸುವ ಡೇಟಾಬೇಸ್‌ಗೆ ಆರ್‌ಬಿಡಿ. ಹಲವರು ಹಂಚಿಕೊಳ್ಳುವ ಸ್ಕ್ಯಾನ್, ಫೋಟೊ, ಪಿಡಿಎಫ್ ಇಂಥವಕ್ಕೆ ಸೆಫ್‌ಎಫ್‌ಎಸ್. ಹಂಚಿಕೊಳ್ಳುವ ಸೌಲಭ್ಯ ನಿಮಗೆ ಬೇಕಾಗಿಯೇ ಇಲ್ಲ, ಅದರ ಬೆಲೆ ಮಾತ್ರ ತೆರುತ್ತಿದ್ದೀರಿ.

ಎರಡು ವಿಎಂಗೆ ಒಂದೇ ಡೇಟಾ ಡೈರೆಕ್ಟರಿ ತೋರಿಸಿದ್ದೀರಲ್ಲ, ಅದನ್ನು ಇವತ್ತೇ ತೆಗೆಯಿರಿ. ಎರಡನೇ ಪೋಸ್ಟ್‌ಗ್ರೆಸ್ ಏಳದಂತೆ ಪೋಸ್ಟ್‌ಮಾಸ್ಟರ್ ಪಿಐಡಿ ಫೈಲ್ ಕಾವಲು ಕಾಯುವುದು ಒಂದೇ ಯಂತ್ರದ ಒಳಗೆ. ಇನ್ನೊಂದು ಯಂತ್ರದಲ್ಲಿ ಪೋಸ್ಟ್‌ಗ್ರೆಸ್ ಎದ್ದರೆ ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಎರಡು ಪೋಸ್ಟ್‌ಗ್ರೆಸ್ ಒಂದೇ ಡೈರೆಕ್ಟರಿಗೆ ಬರೆದರೆ ಮುಗಿಯಿತು ಕಥೆ. ವಿಎಂ ಡಿಸ್ಕನ್ನೇ ಆರ್‌ಬಿಡಿ ಮೇಲೆ ಇಟ್ಟು ಪ್ರಾಕ್ಸ್‌ಮಾಕ್ಸ್ ಎಚ್‌ಎ ಹಚ್ಚಿ. ಸತ್ತ ನೋಡನ್ನು ವಾಚ್‌ಡಾಗ್ ಬೀಳಿಸಿದ ಮೇಲೆಯೇ ಇನ್ನೊಂದರಲ್ಲಿ ವಿಎಂ ಏಳುತ್ತದೆ.

ಹಳೇ_ಡಬ್ಬ (ಹೊಸನಗರ)

ಇನ್ನೊಂದು. ಓಡುತ್ತಿರುವ ಡೇಟಾಬೇಸಿನ ಫೈಲುಗಳನ್ನು ಸುಮ್ನೆ ಆರ್‌ಸಿಂಕ್ ಮಾಡಿದರೆ ಅದು ಬ್ಯಾಕಪ್ ಅಲ್ಲ. ಮೊದಲ ಫೈಲ್ ಒಂದು ಕ್ಷಣದ್ದು, ಕೊನೆಯದು ಇನ್ನೊಂದು ಕ್ಷಣದ್ದು. ವಾಪಸ್ ಹಾಕುವ ದಿನ ಗೊತ್ತಾಗುತ್ತದೆ. ಪಿಜಿ_ಬೇಸ್‌ಬ್ಯಾಕಪ್ ಮತ್ತು ವಾಲ್ ಆರ್ಕೈವ್ ಇಟ್ಟುಕೊಳ್ಳಿ.

ನನ್ನ ಮನೆಯಲ್ಲಿ ಇದನ್ನೇ ಮಾಡಿದ್ದೇನೆ. ಅಟ್ಟದ ಮೇಲೆ ಎರಡು ಹಳೇ ಡಬ್ಬ. ಎರಡಕ್ಕೂ ಪಿಎಲ್‌ಪಿ (ಕರೆಂಟ್ ಹೋದಾಗ ಡೇಟಾ ಕಾಪಾಡುವ ಕೆಪಾಸಿಟರ್) ಇರುವ ಎಂಟರ್‌ಪ್ರೈಸ್ ಎಸ್‌ಎಸ್‌ಡಿ, ಸೆಕೆಂಡ್‌ಹ್ಯಾಂಡ್. ಸಿಂಕ್ರೊನಸ್ ಸ್ಟ್ಯಾಂಡ್‌ಬೈ. ಆಷಾಢದಲ್ಲಿ ಗೋಡೆ ಬೆವರುವಾಗಲೂ ಅವು ನಿಂತಿಲ್ಲ, ಏಕೆಂದರೆ ಯಾವಾಗಲೂ ಬೆಚ್ಚಗಿರುತ್ತವೆ. ಬೂಷ್ಟು ಹಿಡಿಯುವುದು ಆಫ್ ಮಾಡಿಟ್ಟ ಯಂತ್ರಕ್ಕೆ.

ಎಂಟಿಯು_ಭಟ್ರು (ಸಾಗರ)

ನಮ್ಮಲ್ಲಿ ಮನೆಯಿಂದ ಅಡಿಕೆ ಸುಲಿಯುವ ಶೆಡ್ಡಿಗೆ ಫೈಬರ್ ಎಳೆದಿದ್ದೇನೆ. ತಾಮ್ರದ ಕೇಬಲ್ ಇದ್ದಾಗ ಮುಂಗಾರಿನ ಮೊದಲ ಸಿಡಿಲಿಗೇ ಎರಡೂ ತುದಿಯ ಸ್ವಿಚ್ ಸುಟ್ಟಿತ್ತು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ ನೋಡಿ. ಎಂಟಿಯು 9000.

ಗೊರಬಲು (ಭದ್ರಾವತಿ)

ಭಟ್ರೇ, ಫೈಬರ್ ಮೀಟರಿಗೆ ಎಷ್ಟಾಯಿತು? ಜೊತೆಗೆ ಬಿಗಿಯುವ ಉಕ್ಕಿನ ತಂತಿ ಇರುವುದಾ, ಇಲ್ಲದ್ದಾ? ತಂತಿ ಇದ್ದರೆ ಸಿಡಿಲು ಅದರಲ್ಲಿ ಬರುವುದಿಲ್ಲವಾ?

ನಿರ್ವಾಹಕ

ಫೈಬರ್, ಸಿಡಿಲು, ಯುಪಿಎಸ್ ವಿಷಯಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ. ಉಕ್ಕಿನ ತಂತಿಯ ಉತ್ತರ ಅಲ್ಲಿ ಬರೆಯಿರಿ. ಇಲ್ಲಿ ಸೆಫ್ ಮಾತ್ರ.

ಮಂಡಿ_ಸರ್ವರ್ (ಶಿವಮೊಗ್ಗ)

ಕ್ರಾನ್ ನಿಲ್ಲಿಸಿದೆ. ಹೆಪ್ಪುಗಟ್ಟುವುದು ಪೂರ್ತಿ ನಿಂತಿದೆ. ಭಾನುವಾರ ಡೇಟಾವನ್ನು ಆರ್‌ಬಿಡಿಗೆ ಸಾಗಿಸಿದೆ. ಹಮಾಲಿಗಳು ಸುಮ್ಮನಾಗಿದ್ದಾರೆ. ಸಾಫ್ಟ್‌ವೇರಿನವರು ಒಂದು ಚೀಲಕ್ಕೆ ಒಂದೇ ಟ್ರಾನ್ಸಾಕ್ಷನ್ ಮಾಡಿಕೊಡಲು ಒಪ್ಪಿದ್ದಾರೆ, ಯಾವಾಗ ಅಂತ ಹೇಳಿಲ್ಲ.

ಆದರೆ ಆ 8 ಮಿಲಿಸೆಕೆಂಡ್ ಹಾಗೇ ಇದೆ. ಸೆಫ್ ಓಎಸ್‌ಡಿ ಪರ್ಫ್‌ನಲ್ಲಿ ಆರೂ ಡಿಸ್ಕ್ ಹೆಚ್ಚು ಕಡಿಮೆ ಒಂದೇ ತೋರಿಸುತ್ತಿವೆ. ಎಸ್‌ಎಸ್‌ಡಿ ಅಂಗಡಿಯಲ್ಲಿ ಲ್ಯಾಪ್‌ಟಾಪ್‌ಗೆ ಹಾಕಲು ಕೊಡುವಂಥದ್ದೇ, 1 ಟಿಬಿ. ನೋಡ್‌ಗೆ ಎರಡು.

ತುಂಗೆ_ದಂಡೆ (ತೀರ್ಥಹಳ್ಳಿ)

ಕೇಳಿದ್ದು ಇದನ್ನೇ. ಆ ಡಿಸ್ಕುಗಳು ಸಿನಿಮಾ ಕಾಪಿ ಮಾಡಲು ಚೆನ್ನಾಗಿವೆ. ಸೆಫ್ ಪ್ರತಿ ಬರಹಕ್ಕೂ ಡಿಸ್ಕಿಗೆ ಫ್ಲಶ್ ಹೇಳುತ್ತದೆ. ಕರೆಂಟ್ ಹೋದಾಗ ಹಿಡಿದುಕೊಳ್ಳುವ ಕೆಪಾಸಿಟರ್ ಇಲ್ಲದ ಡಿಸ್ಕ್ ಪ್ರತಿ ಸಲ ನಿಜವಾಗಿ ಫ್ಲಾಶ್‌ಗೆ ಬರೆಯಲೇಬೇಕು. ಪಿಎಲ್‌ಪಿ ಇರುವುದು ತನ್ನ ರ‍್ಯಾಮ್‌ಗೆ ಬಂದ ಕೂಡಲೇ ಆಯಿತು ಅನ್ನಬಹುದು. ನಿಮ್ಮ ಹಳೇ ರೇಡ್ ಕಾರ್ಡಿನ ಬ್ಯಾಟರಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಕೆಪಾಸಿಟರ್ ಮಾಡುತ್ತದೆ. 4ಕೆ ಬರಹ, ಪ್ರತಿಯೊಂದಕ್ಕೂ ಎಫ್‌ಸಿಂಕ್, ಒಂದೇ ಜಾಬ್ ಇಟ್ಟು ಎಫ್‌ಐಒ (ಡಿಸ್ಕ್ ವೇಗ ಅಳೆಯುವ ಟೂಲ್) ಓಡಿಸಿದರೆ ಅಂಗಡಿ ಡಿಸ್ಕ್ ಸಾಮಾನ್ಯವಾಗಿ ಸೆಕೆಂಡಿಗೆ ನೂರರ ಲೆಕ್ಕದಲ್ಲಿ ನಿಲ್ಲುತ್ತದೆ, ಪಿಎಲ್‌ಪಿ ಇರುವುದು ಸಾವಿರಗಳಲ್ಲಿ ಓಡುತ್ತದೆ. ಓಎಸ್‌ಡಿ ಇರುವ ಡಿಸ್ಕಿನ ಮೇಲೆ ನೇರ ಓಡಿಸಬೇಡಿ, ಡೇಟಾ ಅಳಿದುಹೋಗುತ್ತದೆ.

ಮಂಡಿ_ಸರ್ವರ್ (ಶಿವಮೊಗ್ಗ)

ಆರು ಡಿಸ್ಕ್ ಒಟ್ಟಿಗೆ ತರಲು ಯಜಮಾನರು ಒಪ್ಪುವುದಿಲ್ಲ. ಎರಡು ಮೊದಲು ತಂದು ಒಂದು ನೋಡ್‌ಗೆ ಹಾಕಿ ವ್ಯತ್ಯಾಸ ತೋರಿಸಲಾ?

ತುಂಗೆ_ದಂಡೆ (ತೀರ್ಥಹಳ್ಳಿ)

ಹಾಗೆ ತೋರಿಸಲು ಹೋದರೆ ಮರ್ಯಾದೆ ಹೋಗುತ್ತದೆ ಸರ್. ಮೂರು ಪ್ರತಿಯಲ್ಲಿ ಎರಡು ಇನ್ನೂ ಹಳೇ ಡಿಸ್ಕಿನಲ್ಲೇ ಇರುತ್ತವೆ, ಎಲ್ಲರಿಗಿಂತ ನಿಧಾನದವನಿಗೇ ಕಾಯಬೇಕು. ಯಜಮಾನರಿಗೆ 8 ಮಿಲಿಸೆಕೆಂಡೇ ಕಾಣುತ್ತದೆ. ದುಡ್ಡು ಕಡಿಮೆ ಇದ್ದರೆ ನೋಡ್‌ಗೆ ಒಂದರಂತೆ ಮೂರು ತನ್ನಿ. ಹೊಸದಕ್ಕೆ ಬೇರೆ ಡಿವೈಸ್ ಕ್ಲಾಸ್ (ಡಿಸ್ಕ್ ಗುಂಪಿನ ಹೆಸರು) ಕೊಟ್ಟು, ಆ ಮೂರರ ಮೇಲೆ ಮಾತ್ರ ಕೂರುವ ಪೂಲ್ ಮಾಡಿ ಡೇಟಾಬೇಸಿನ ಆರ್‌ಬಿಡಿಯನ್ನು ಅದಕ್ಕೆ ಸಾಗಿಸಿ.

ಡಿಸ್ಕ್ ಬದಲಿಸುವಾಗ ಒಂದು ನೋಡ್ ಮುಗಿದು, ರಿಕವರಿ ಆಗಿ, ಹೆಲ್ತ್ ಓಕೆ ಬರುವ ತನಕ ಎರಡನೆಯದನ್ನು ಮುಟ್ಟಬೇಡಿ. ಮಿನ್_ಸೈಜ್ 2 ಇದೆ, ಅಂದರೆ ಕನಿಷ್ಠ ಎರಡು ಪ್ರತಿ ಸಿಗಬೇಕು. ಒಂದು ನೋಡ್ ಬಿಚ್ಚಿಟ್ಟಾಗ ಇನ್ನೊಂದಕ್ಕೆ ಕರೆಂಟ್ ಹೋದರೆ ಬರಹ ಪೂರ್ತಿ ನಿಲ್ಲುತ್ತದೆ. ಮಂಡಿ ಇಲ್ಲದ ದಿನ ಮಾಡಿ.

ಎಂಟಿಯು_ಭಟ್ರು (ಸಾಗರ)

ನೋಡ್ ಹೇಗೂ ಬಿಚ್ಚುತ್ತೀರಿ, ಆಗ ಬಾಂಡಿನ ಎರಡೂ ಕಾಲು ಒಂದೊಂದಾಗಿ ನೋಡಿಬಿಡಿ.

ಕಾನು_ಮನೆ (ಸೊರಬ)

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮದು ಮೈಎಸ್‌ಕ್ಯುಎಲ್, ಗ್ಲಸ್ಟರ್ ಅನ್ನುವ ಇನ್ನೊಂದು ಹಂಚಿಕೆ ಸ್ಟೋರೇಜ್ ಮೇಲಿದೆ. ಇದೇ ತೊಂದರೆ. ಇದೇ ಪರಿಹಾರ ಹೊಂದುತ್ತಾ?

ತುಂಗೆ_ದಂಡೆ (ತೀರ್ಥಹಳ್ಳಿ)

ಅರ್ಧ ಹೊಂದುತ್ತದೆ. ಮೈಎಸ್‌ಕ್ಯುಎಲ್‌ನ ಇನ್ನೊಡಿಬಿಯಲ್ಲೂ ಇನ್ನೊಡಿಬಿ_ಫ್ಲಶ್_ಲಾಗ್_ಅಟ್_ಟಿಆರ್‌ಎಕ್ಸ್_ಕಮಿಟ್ 1 ಇದ್ದರೆ ಪ್ರತಿ ಕಮಿಟ್‌ಗೂ ಫ್ಲಶ್, ಅದರ ಲೆಕ್ಕ ಇದೇ. ಆದರೆ ಗ್ಲಸ್ಟರ್‌ಗೆ ಎಂಡಿಎಸ್ ಇಲ್ಲ, ಕ್ಯಾಪ್ ಕಥೆ ಅಲ್ಲಿಲ್ಲ. ಡೇಟಾಬೇಸ್ ಫೈಲುಗಳನ್ನು ನೇರ ಅದರ ಮೇಲೆ ಇಡುವುದನ್ನು ನಾನಂತೂ ಹೇಳುವುದಿಲ್ಲ. ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಸ್ಟೋರೇಜ್‌ಗೆ ಬೆಂಬಲವನ್ನೂ 2024ರ ಕೊನೆಗೆ ನಿಲ್ಲಿಸಿದೆ. ಹೊಸ ಚರ್ಚೆ ತೆರೆಯಿರಿ. ಎಷ್ಟು ನೋಡ್, ಫ್ಯೂಸ್ ಮೌಂಟಾ ಏನು, ಡಿಸ್ಕ್ ಯಾವುದು ಎಲ್ಲ ಮೊದಲ ಬರಹದಲ್ಲೇ ಹಾಕಿ, ಅಲ್ಲಿ ನೋಡೋಣ.